ಕಲೆ

ಇಪ್ಪತ್ತಾರು ವರ್ಷ ನಾನು ಆಡಿದ್ದು ನಾಲ್ಕೇ ಮಾತು:
ಗದ್ದ ಮೇಲೆ. ಕಣ್ಣು ಮುಚ್ಚಬೇಡಿ.
ಗೋಡೆಗೆ ತಲೆ ತಾಗಿಸಬೇಡಿ. ಸಂಜೆ ಬನ್ನಿ.

ರೇವಣಕರ್ ಸ್ಟುಡಿಯೋ, ಕೋಡಿಬಾಗ ರಸ್ತೆ.
ಕೆಳಗೆ ಐಸಿನ ಅಂಗಡಿ, ಮೇಲೆ ನಾನು.
ಹಡಗಿಗೆ ಹೋಗುವವರ ಪಾಸ್‌ಪೋರ್ಟಿಗೆ,
ಬೋಟಿನ ಲೈಸೆನ್ಸಿಗೆ, ರೇಷನ್ ಕಾರ್ಡಿಗೆ,
ನೌಕಾನೆಲೆಗೆ ಮನೆ ಬಿಟ್ಟುಕೊಟ್ಟವರ ಪರಿಹಾರದ ಅರ್ಜಿಗೆ
ಅದೇ ಸ್ಟೂಲು, ಅದೇ ಬಿಳಿ ಗೋಡೆ, ಎಂಟು ಕಾಪಿ.

ಮದುವೆಗಳೂ ಇದ್ದವು.
ಮೀನು ಕಂಪನಿಯ ಕ್ಯಾಲೆಂಡರಿಗೆಂದು
ಸಿಗಡಿಗೆ ಗ್ಲಿಸರಿನ್ ಹಚ್ಚಿ ಬೆವರು ಬರಿಸಿದ್ದೇನೆ.
ದೇವಬಾಗದ ರೆಸಾರ್ಟಿನವರಿಗೆ
ದಂಡೆಯಲ್ಲಿ ಒಣಗಲು ಹಾಕಿದ್ದ ಬಲೆಗಳನ್ನು
ಚಿತ್ರದಿಂದ ಅಳಿಸಿ ಕೊಟ್ಟಿದ್ದೇನೆ.
ಬಲೆ ಅಳಿಸುವುದು ಸುಲಭವಲ್ಲ.
ಒಂದೊಂದು ಕಣ್ಣಿನಲ್ಲೂ ಒಂದು ಚೂರು ಕಡಲು ಸಿಕ್ಕಿಕೊಂಡಿರುತ್ತದೆ.

ಆಮೇಲೆ ಆಧಾರ್ ಬಂತು, ಎಲ್ಲರ ಕಿಸೆಗೂ ಕ್ಯಾಮೆರಾ ಬಂತು.
ಒಂದು ಆಷಾಢದ ಮಂಗಳವಾರ ಯಾರೂ ಮೆಟ್ಟಿಲು ಹತ್ತಲಿಲ್ಲ.
ಬುಧವಾರವೂ.
ಲೈಟು ಹಾಕಿಕೊಂಡು ಸುಮ್ಮನೆ ಕೂತಿದ್ದೆ.
ಆಗ ಕಂಡಿತು,
ಸ್ಟೂಲಿನ ಹಿಂದೆ, ತಲೆಯೆತ್ತರಕ್ಕೆ, ಒಂದು ಕಲೆ.

ತೆಂಗಿನೆಣ್ಣೆ, ಬೆವರು, ಒಂದಿಷ್ಟು ಉಪ್ಪು,
ಬೇಡವೆಂದರೂ ತಲೆ ತಾಗಿಸಿದವರದ್ದು.
ನಡುವೆ ಗಾಢ, ಅಂಚಿಗೆ ತೆಳು,
ಕಾಳಿ ಕಡಲಿಗಿಳಿಯುವಲ್ಲಿ ನೀರು ಬಣ್ಣ ಬಿಡುವ ಹಾಗೆ.
ಅದರ ಕೆಳಗೆ ಸಣ್ಣದೊಂದು: ಶಾಲೆಯ ಮಕ್ಕಳದ್ದು.

ಸುಣ್ಣ ಹೊಡೆಸಿ, ಸುಣ್ಣ ಹೊಡೆಸಿ ಎಂದು
ಮೀರಾ ಎಷ್ಟು ಸಲ ಹೇಳಿದ್ದಳೋ.
ಟ್ರೈಪಾಡ್ ಇಟ್ಟೆ. ಫ್ಲ್ಯಾಶ್ ತೆಗೆದೆ.
ಕಿಟಕಿಯ ಮಳೆಬೆಳಕಿಗೆ ನಾಲ್ಕು ಸೆಕೆಂಡು ತೆರೆದಿಟ್ಟೆ.
ಅಷ್ಟು ಹೊತ್ತು ಯಾರನ್ನೂ ಅಲುಗದೆ ಕೂರಿಸಿದವನಲ್ಲ ನಾನು.
ಗೋಡೆ ಕೂತಿತು.
ಕಣ್ಣು ಮುಚ್ಚಲಿಲ್ಲ.

ಆಮೇಲೆ ಬೈತಖೋಲಿನ ಕ್ಷೌರದಂಗಡಿ,
ಸರಕಾರಿ ಆಸ್ಪತ್ರೆಯ ಬೆಂಚಿನ ಹಿಂದಿನ ಗೋಡೆ,
ಅಂಕೋಲಾ ಬಸ್ಸಿನ ಕಡೇ ಸೀಟಿನ ಕಿಟಕಿ ಗಾಜು.
ಮದುವೆಯ ಲೈಟುಗಳನ್ನು ಮಾರಿ ಪ್ರಿಂಟು ಹಾಕಿಸಿದೆ,
ಆಳೆತ್ತರ, ಹನ್ನೊಂದು.
ಬಾಡಿಗೆ ಹಾಲಿನಲ್ಲಿ ತೂಗಹಾಕಿ ಬಾಗಿಲಲ್ಲಿ ನಿಂತೆ.

'ಇದರಲ್ಲಿ ಮನುಷ್ಯ ಎಲ್ಲಿ ಉಲ್ಲಾಸ್?' ಎಂದರು ವಕೀಲರು.
ಹದಿನೆಂಟು ಸಾವಿರ ಎಂಬ ಚೀಟಿ ಓದಿ
ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

ಮೂರನೆಯ ದಿನ, ಪೇಟೆ ಮುಗಿಸಿ, ಶೇವಂತಿ ತಾಂಡೇಲ್
ಬುಟ್ಟಿ ಹೊರಗಿಟ್ಟು ಬರಿಗಾಲಲ್ಲಿ ಒಳಬಂದಳು.
ಮೊದಲ ಚಿತ್ರದ ಮುಂದೆ ನಿಂತವಳು ಮುಂದೆ ಹೋಗಲೇ ಇಲ್ಲ.
ಎಲ್ಲಕ್ಕೂ ಮೇಲೆ ಒಂದು ಗೇಣು ಎತ್ತರದಲ್ಲಿ
ನಾನು ತೇವವೆಂದುಕೊಂಡಿದ್ದ ಮಾಸಲಿಗೆ ಬೆರಳು ತೋರಿದಳು.
'ಇದು ನಮ್ಮ ಜಾನು.
ಸ್ಟೂಲಿಗೆ ಉದ್ದ ಆಗ್ತಿದ್ದ.
ಬಗ್ಗು ಮಾರಾಯ, ಬಗ್ಗು ಅಂತ ಬೈದಿದ್ರಿ ನೀವು.'

ಐದನೆಯ ಮಾತೊಂದನ್ನೂ ಆಡಿದ್ದೆನೆ ನಾನು?

ಜಾನು ಎಲ್ಲಿದ್ದಾನೆಂದು ಕೇಳಲಿಲ್ಲ. ಅವಳೂ ಹೇಳಲಿಲ್ಲ.
'ಒಂದು ಕಾಪಿ ಕೊಡಿ. ಸಣ್ಣದು.
ಪರ್ಸಿನಲ್ಲಿ ಹಿಡಿಯುವಷ್ಟು.'
ಬಾಯಿಗೆ ತಾನಾಗಿ ಬಂತು: ಸಂಜೆ ಬನ್ನಿ.

ಈಗ ನಾಲ್ಕೂವರೆ.
ಕಟರಿನ ಕೆಳಗೆ ಪ್ರಿಂಟು ಇಟ್ಟುಕೊಂಡು ಕೂತಿದ್ದೇನೆ.
ಮೂವತ್ತೈದು, ನಲವತ್ತೈದು ಮಿಲಿಮೀಟರು:
ಕೈಗೆ ಬಾಯಿಪಾಠವಾದ ಅಳತೆ.
ಆದರೆ ಕಿವಿಯಿಲ್ಲ, ಭುಜವಿಲ್ಲ,
ಗದ್ದ ಎಲ್ಲಿಂದ ಎಣಿಸಲಿ?