ನಾಲ್ಕು ತೂತಿನ ಬಲ

ಪೋಲೆಂಡಿನ ವೂಜ್ ಊರಿನಲ್ಲಿ, ಟ್ರಾಮು ತಿರುಗುವ ಮೂಲೆ,
ಬ್ರೆಡ್ಡಿನಂಗಡಿಯ ಮೇಲಣ ಕೋಣೆ.
ಮೇಜಿನ ತುಂಬ ಕಪ್ಪು ರಟ್ಟಿನ ಬಾಹ್ಯಾಕಾಶ.
ಚಹದ ಲೋಟ ಕೂತೆದ್ದಲ್ಲೆಲ್ಲ ಒಂದೊಂದು ಉಂಗುರ;
ಮಿರೋನ್ ಅವಕ್ಕೂ ಗ್ರಹಗಳ ಹೆಸರಿಟ್ಟಿದ್ದಾನೆ.

ಅಚ್ಚು ಹಾಕಿಸಿದ ಹಡಗುಗಳು ಇನ್ನೂ ಬಂದಿಲ್ಲ.
ಅಲ್ಲಿಯವರೆಗೆ ಅವನ ಸೋದರತ್ತೆ ಬೋಗ್ನಾಳ
ಬಿಸ್ಕತ್ತಿನ ಡಬ್ಬಿಯಿಂದ ಸುರಿದ ಗುಂಡಿಗಳೇ ಸೈನ್ಯ.
ಕೋಟಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ
ಗುಂಡಿ ಹೊಲಿದವಳು ಆಕೆ.
ಬೀಗ ಬಿದ್ದ ದಿನ, ಬಾಕಿ ಸಂಬಳದ ಬದಲು
ಆ ಡಬ್ಬಿಯನ್ನು ಬಗಲಲ್ಲಿಟ್ಟು ಗೇಟು ದಾಟಿದವಳು.

ನಿಯಮ ಸರಳ: ತೂತು ಎಷ್ಟೋ ಬಲ ಅಷ್ಟು.
ಎರಡು ತೂತಿಗೆ ಎರಡು, ನಾಲ್ಕಕ್ಕೆ ನಾಲ್ಕು.
ಇಲ್ಲದ್ದನ್ನು ಎಣಿಸುವ ಲೆಕ್ಕವಾಯಿತಲ್ಲ, ಅಂದೆ.
ಸೈನ್ಯವೆಂದರೆ ಮತ್ತೇನು, ಅಂದ.

ಥೊರಕ್ಕರು ಅವನ ಪಾಲು. ಕಲ್ಲುಮೈಯ ಕುಲ,
ಓವರ್‌ಕೋಟಿನ ಕಡುಗಂದು ಗುಂಡಿಗಳು ಆರು,
ಕೂಡಿದರೆ ಇಪ್ಪತ್ತನಾಲ್ಕು.
ನನ್ನ ಪಾಲಿಗೆ ಈಲಿಗಳು:
ಒಂಟಿಯಾಗಿದ್ದರೆ ಬಲ ಇಮ್ಮಡಿ,
ಪಕ್ಕದಲ್ಲಿ ಯಾರಾದರೂ ಬಂದು ಕೂತರೆ ಅರ್ಧ.
"ನನ್ನ ಗಂಡನೂ ಇದೇ ಕುಲ," ಅತ್ತೆ ಗೊಣಗಿದಳು.

ಅವಳದ್ದು ಸೂಮರು. ಕೂಸಿನ ಅಂಗಿಯ ಬಿಳಿ ಗುಂಡಿಗಳು,
ಮುಖದಲ್ಲಿ ಒಂದೂ ತೂತಿಲ್ಲ.
ಪುಸ್ತಕದ ಪ್ರಕಾರ ಸೊನ್ನೆ.
"ತಿರುಗಿಸಿ ನೋಡು." ತಿರುಗಿಸಿದೆವು.
ಬೆನ್ನಲ್ಲೊಂದು ಪುಟ್ಟ ಕೊಂಡಿ, ದಾರ ಹೋಗುವಷ್ಟು.
"ಬೆನ್ನ ಹಿಂದಿನದು ನಿಮ್ಮ ಲೆಕ್ಕಕ್ಕಿಲ್ಲವೇ?"
ಮಿರೋನ್ ಗಡ್ಡ ಕೆರೆದುಕೊಂಡ. ಬರೆದ: ಒಂದು.

ಮೂರು ರಾತ್ರಿ ಜಗಳವಾದದ್ದು ಇದಕ್ಕಲ್ಲ.
ಬಲವನ್ನು ಎಣಿಸುವುದು ಯಾವಾಗ?
ಮೊದಲ ರಾತ್ರಿ, ದಾಳ ಉರುಳುವ ಮುನ್ನವೇ ಎಣಿಸಿದೆವು.
ಥೊರಕ್ಕರು ಕೂತಲ್ಲೇ ಗೆದ್ದರು;
ಎದುರು ಹೋಗುವ ಹುಚ್ಚು ಯಾರಿಗಿದ್ದೀತು?
ಎರಡನೆಯ ರಾತ್ರಿ, ಎಲ್ಲ ಮುಗಿದ ಮೇಲೆ.
ಆಗ ಎಲ್ಲರೂ ಅಂಚಿನ ಧೂಳುಮೋಡದಲ್ಲಿ ಅಡಗಿ
ಒಬ್ಬರನ್ನೊಬ್ಬರು ಕಾಯುತ್ತ ಚಹ ಕುಡಿದೆವು.
ಗುಂಡಿಗಳಿದ್ದವು ರಾಶಿರಾಶಿ; ಗುಂಡಿಗೆಯ ಮಾತು ಬೇರೆ.

ಮೂರನೆಯ ರಾತ್ರಿ ಅತ್ತೆ ಕನ್ನಡಕ ತೆಗೆದಿಟ್ಟಳು.
"ನಮ್ಮಲ್ಲಿ ಒಬ್ಬ ತಪಾಸಣೆಯವಳಿದ್ದಳು, ಯಾದ್ವಿಗಾ.
ಸಂಜೆ ಸಾಲಾಗಿ ನೇತುಹಾಕಿದ ಕೋಟುಗಳ ಮುಂದೆ ನಡೆಯುತ್ತ
ಒಂದೊಂದರಲ್ಲೂ ಒಂದು ಗುಂಡಿ ಹಿಡಿದು ಜಗ್ಗುತ್ತಿದ್ದಳು.
ಯಾವುದೆಂದು ಅವಳ ಮರ್ಜಿ.
ಎಷ್ಟು ಹೊಲಿದೆ ಅಂತ ಒಂದು ದಿನವೂ ಕೇಳಲಿಲ್ಲ.
ಜಗ್ಗಿದ ಮೇಲೆ ನಿಂತದ್ದಕ್ಕೆ ಕೂಲಿ."

ಕೆಳಗೆ ಒಲೆ ಹಚ್ಚಿದ್ದರು. ರೈ ಹಿಟ್ಟಿನ ಹುಳಿವಾಸನೆ
ನೆಲದ ಹಲಗೆಯ ಸಂದಿಯಿಂದ ಮೇಲೆ ಬಂತು.

ಹಾಗೆ ಆಡಿದೆವು: ಎದುರಾಳಿ ಒಂದನ್ನು ಜಗ್ಗಲಿ,
ಉಳಿದದ್ದು ಬಲ.
ಥೊರಕ್ಕರಲ್ಲಿ ಒಂದು ಹೋದರೆ ನಾಲ್ಕು ಹೋಯಿತು.
ನನ್ನ ಈಲಿಗಳ ಪಕ್ಕದವನನ್ನು ಅವಳೇ ಜಗ್ಗಿ
ನನ್ನನ್ನು ಇಮ್ಮಡಿ ಮಾಡಿ, ಮಿರೋನನ ಮೇಲೆ ಬಿಟ್ಟಳು.
ಸೂಮರು ಒಂದು ಕಳಕೊಂಡರೆ ಒಂದೇ,
ಆ ಒಂದೂ ಎಲ್ಲಿಗೆ ಹಾರಿತೋ, ಹೀಟರಿನಡಿ ತಡಕಿದೆವು.
ಸಿಗಲಿಲ್ಲ. ಅವಳು ಗೆದ್ದಿದ್ದಳು.

ಹನ್ನೊಂದೂವರೆ. ಹೊರಗೆ ಸೊನ್ನೆಗಿಂತ ಒಂಬತ್ತು ಕೆಳಗೆ.
ಅತ್ತೆ ಕೋಟು ತೊಟ್ಟಳು. ಮೇಲಿನಿಂದ ಮೂರನೆಯ ಜಾಗ ಖಾಲಿ.
ಏನೂ ಹೇಳದೆ ಮೇಜಿಗೆ ಬಂದು
ಥೊರಕ್ಕರ ತಾಯಿಹಡಗನ್ನೇ ಎತ್ತಿಕೊಂಡಳು;
ಡಬ್ಬಿಯ ಮುಚ್ಚಳದಿಂದ ಸೂಜಿ, ಹಲ್ಲಿನಲ್ಲಿ ದಾರದ ತುದಿ,
ನಿಂತಂತೆಯೇ ಹೊಲಿದಳು.
"ಇದು ಮೊದಲಿನಿಂದಲೂ ನನ್ನದೇ. ಸಾಲ ಕೊಟ್ಟಿದ್ದೆ."

ಮಿರೋನ್ ಇಪ್ಪತ್ತನಾಲ್ಕು ಹೊಡೆದುಹಾಕಿ ಇಪ್ಪತ್ತು ಬರೆದ.
ಪೆನ್ಸಿಲ್ ಕಚ್ಚುತ್ತ ಕೇಳಿದ:
ಇದಕ್ಕೂ ಒಂದು ನಿಯಮ ಬೇಕೇ?

ನಾನು ಕಿಟಕಿಯಲ್ಲಿದ್ದೆ.
ಹಿಮದ ಮೇಲೆ ಹಳದಿ ಬೆಳಕು ಚೆಲ್ಲಿ ಟ್ರಾಮು ನಿಂತಿತು.
ಹತ್ತುವ ಮುನ್ನ ಅವಳು ಗವುಸು ಬಿಚ್ಚಿ,
ಎದೆಯ ಮೇಲಿನ ಆ ಗುಂಡಿಯನ್ನು ಹಿಡಿದು
ಒಮ್ಮೆ ಜಗ್ಗಿ ನೋಡಿದಳು.