ಉಳಿದಿದ್ದು ನಿಮ್ಮದೇ

ತೊಗರಿ ತೂಗೋ ಕೆಲಸ ನಂದು, ಇಪ್ಪತ್ತಾರು ವರ್ಷ,
ಹುಮನಾಬಾದ್ ರೋಡಿನ ದಾಲ್ ಮಿಲ್ಲಿನಾಗ.
ಚೀಲದಾಗ ಕೈ ಹಾಕಿದ್ರ ಸಾಕು, ತೇವ ಎಷ್ಟದ ಹೇಳ್ತೀನಿ,
ಅಂಗೈಯಾಗ ತಿಕ್ಕಿದ್ರ ಹೊಟ್ಟು ಎಷ್ಟು, ಬ್ಯಾಳಿ ಎಷ್ಟು.
ದವಾಖಾನಿ ಖಿಡಕಿ ಮುಂದ ನಿಂತಾಗ ಮಾತ್ರ
ಕಿಸೆ ಉಲ್ಟಾ ಮಾಡಿ ಕೊಟ್ಟು ಬರ್ತಿದ್ದೆ.
ದೇವರ ಹುಂಡಿಗಿ ಚಿಲ್ಲರ ಕೇಳ್ತಾರೇನು?

ಹೋದ ವರ್ಷ ಯುಗಾದಿಗಿ ಸಾವಕಾರ ಎಲ್ಲಾರ್ನೂ ಕರದು ಕೂಡಿಸಿದ.
"ಇನ್ನ ಮ್ಯಾಲ ದವಾಖಾನಿ ಬಿಲ್ಲು ನನ್ನ ಟೇಬಲಿಗಿ ಬ್ಯಾಡ.
ಒಬ್ಬೊಬ್ಬರಿಗಿ ಒಂದು ಖಾತೆ. ತಿಂಗಳಾ ಐನೂರು ನಂದು, ಐನೂರು ನಿಮ್ಮದು.
ಜಡ್ಡಿಗಿ ಬಿಟ್ಟು ಬ್ಯಾರೇದಕ್ಕ ಮುಟ್ಟೂ ಹಂಗಿಲ್ಲ.
ಉಳಿದಿದ್ದು ನಿಮ್ಮದೇ."
ಚಪ್ಪಾಳಿ ಹೊಡದೆವು.
ಹಮಾಲ ಘಾಳೆಪ್ಪ ಒಬ್ಬನೇ ಹಿಂದಿನಿಂದ ಕೇಳಿದ,
"ಉಳೀದಿದ್ರ ಯಾರ್ದು ಸಾವಕಾರ್ರೆ?"
ನಕ್ಕೆವು. ಚಾ ಬಂತು.

ಪಾಸ್‌ಬುಕ್ ಬಂದಮ್ಯಾಲ ನನ್ನ ನಾಲಿಗಿ ಸಡಿಲಾತು.
ಪುತಳಾಬಾಯಿ ರಕ್ತ ಪರೀಕ್ಷಾಕ್ಕ
ಸೂಪರ್ ಮಾರ್ಕೆಟ್ಟಿನ ಗಾಜಿನ ಲ್ಯಾಬಿನಾಗ ಆರುನೂರಾ ಐವತ್ತು,
ಎರಡು ಗಲ್ಲಿ ದಾಟಿ, ಕತ್ತಲ ಮೆಟ್ಟಿಲು ಹತ್ತಿದ್ರ ಮುನ್ನೂರಾ ಇಪ್ಪತ್ತು.
ಅದೇ ರಕ್ತ. ಅದೇ ತೋಳು.
ಸಕ್ಕರಿ ಗುಳಿಗಿಗೂ ಹಂಗೇ:
ಪೆಟ್ಟಿಗಿ ಮ್ಯಾಲಿನ ಹೆಸರು ಬ್ಯಾರೆ, ಒಳಗಿನ ಔಷಧ ಒಂದೇ,
ನಡುವಿನ ರೊಕ್ಕ ಇಷ್ಟು ದಿನ ಯಾರ ಹೊಟ್ಟಿಗಿ ಹೋಯ್ತೋ.

"ಡಾಕ್ಟ್ರೇ, ಈ ಸ್ಕ್ಯಾನ್ ಇವತ್ತೇ ಬೇಕಾ?"
ಕೇಳುವಾಗ ಅಂಗೈ ಬೆವತಿತ್ತು.
ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದ್ರು,
ಇಷ್ಟು ವರ್ಷದಾಗ ಮೊದಲ ಸಲ
ಚೀಟಿ ಬಿಟ್ಟು ಮುಖ.
"ಬ್ಯಾಡ, ಗುಳಿಗಿ ಮುಗೀಲಿ, ಆಮ್ಯಾಲ ನೋಡೋಣು" ಅಂದ್ರು.
ಅವತ್ತು ಆಟೋ ಹತ್ತಲಿಲ್ಲ ನಾನು,
ಜಗತ್ ಸರ್ಕಲ್ ತನಕ ಸೆಟೆದು ನಡದೆ.

ರಾತ್ರಿ ಪಾಸ್‌ಬುಕ್ ತೆಗೆದು ಓದಿದೆ, ಪುರಾಣ ಓದಿದ ಹಂಗ.
ಏಳು ಸಾವಿರದಾ ಇನ್ನೂರು.
ಉಳಿದಿದ್ದು.

ರುಚಿ ಹತ್ತಿತು.
ಪುತಳಾ ಅಂದ್ಲು, ಎಡಗಣ್ಣಾಗ ಸೊಳ್ಳಿ ಹಾರ್ತಾವ.
ಬ್ಯಾಸಿಗಿ ಝಳ, ಅಂದೆ.
ಸೊಳ್ಳಿ ಹೋಗಿ ಜಾಳಿಗಿ ಕಟ್ಟ್ಯದ, ಅಂದ್ಲು.
ಹತ್ತು ಸಾವಿರ ತುಂಬ್ಲಿ, ತೋರಸೋಣು, ಅಂದೆ.
ಆಕಿ ಸೂಜಿಗಿ ದಾರ ಪೋಣಿಸ್ಲಾಕ ಮಗಳನ್ನ ಕರೀಲಾಕ ಹತ್ತಿದ್ಲು.
ಬಾಗಿಲ ಚೌಕಟ್ಟಿಗಿ ಎಡಭುಜ ತಾಗಿ ಎರಡು ಸಲ ಬಳಿ ಒಡದ್ವು.
ಬಳಿ ಸಸ್ತಾ. ಲೆಕ್ಕಕ್ಕ ಹಿಡೀಲಿಲ್ಲ.

ಕಣ್ಣಿನ ಡಾಕ್ಟರ್ ಸಬೀಹಾ ಮೇಡಂ
ಹನಿ ಹಾಕಿ, ಪಾಪೆ ಅಗಲ ಮಾಡಿ, ದೀಪ ಹಿಡಿದ್ರು.
ಆಮ್ಯಾಲ ದೀಪ ಆರಿಸಿ, ನನ್ನ ಕಡೆ ತಿರುಗಿ,
"ಎಷ್ಟು ದಿನ ಆಯ್ತು?"
ಹನ್ನೊಂದು ವಾರ, ಅಂದೆ.
ತೂಕದವನ ಬಾಯಿ. ಕಮ್ಮಿ ಹೇಳ್ಲಾಕ ಬರಲಿಲ್ಲ.

ಲೇಸರ್ ಆಯ್ತು. ರೇಟು ಕೇಳಲಿಲ್ಲ.
ಖಾತೆಯಾಗಿಂದು ಸಾಲಲಿಲ್ಲ, ಘಾಳೆಪ್ಪ ಎರಡು ಸಾವಿರ ಕೈಗಿಟ್ಟ,
ಯಾಕ ಏನು ಕೇಳಲಿಲ್ಲ ಅವನೂ.
ಕಣ್ಣು ಒಂದಿಷ್ಟು ಉಳೀತು, ಒಂದಿಷ್ಟು ಇಲ್ಲ.

ಈಗ್ಲೂ ಮೆಟ್ಟಿಲು ಹತ್ತತೀನಿ, ಈಗ್ಲೂ ಕೇಳ್ತೀನಿ,
ಮಿಲ್ಲಿನ ಹುಡುಗರಿಗೂ ಕೇಳ್ಲಾಕ ಕಲಿಸೀನಿ.
ಪಾಸ್‌ಬುಕ್ಕಿನ ಕಡೀ ಪುಟದಾಗ, ಬ್ಯಾಂಕಿನವರು ಏನೂ ಛಾಪಿಸದ ಕಡೆ,
ಪೆನ್ಸಿಲಿನಿಂದ ಬರಕೊಂಡೀನಿ:
ಹನ್ನೊಂದು ವಾರ, ಖರ್ಚು.

ಮೊನ್ನಿ ಪುತಳಾ ಮರದಾಗ ತೊಗರಿಬ್ಯಾಳಿ ಹಸನ ಮಾಡ್ತಾ ಕುಂತಿದ್ಲು,
ನೋಡಿ ಅಲ್ಲ, ಬೆರಳಿನಿಂದ ಹುಡುಕ್ತಾ.
ಸಣ್ಣ ಹಳ್ಳು ಒಂದು ಸಿಕ್ತು.
ನನ್ನ ಅಂಗೈ ಹುಡುಕಿ ಅದರೊಳಗ ಇಟ್ಟು
"ತೂಗು" ಅಂದ್ಲು.