ಎಡಗೈ ಹೆಬ್ಬೆಟ್ಟಿನ ಗುರುತು

ಹೆಳವರ ಮೈಲಾರಿ ಈ ಸಲವೂ ಬಂದ.
ಅವನಪ್ಪ ಬರುತ್ತಿದ್ದುದು ಎತ್ತಿನ ಮೇಲೆ,
ಇವನದು ಹಳೇ ಟಿವಿಎಸ್, ಹಿಂದೆ ಅರ್ಧ ಚೀಲ ಜೋಳ.
ಭಟ್ಟಿ ಸಾಲಿನ ನಮ್ಮ ಮನೆ ಹೊಸಿಲ ಹೊರಗೆ ಕೂತು
ನೀರು ಕುಡಿದು, ಕೆಮ್ಮಿ, ನಮ್ಮ ವಂಶ ಬಿಚ್ಚಿದ.
ನಾನು ಮೊಬೈಲನ್ನು ಅವನ ಮೊಣಕಾಲ ಹತ್ತಿರ ಇಟ್ಟೆ,
ಹೇಳಿದ್ದನ್ನೆಲ್ಲ ಅದೇ ಬರಕೊಳ್ಳಲಿ ಅಂತ.

ಮಾಯಕೊಂಡದ ಮೂಲಪುರುಷ ದೊಡ್ಡ ಕೆಂಚಪ್ಪ,
ಅವನಿಗೆ ಮೂವರು, ನಡುವಿನವನಿಗೆ ಇಬ್ಬರು,
ಹೀಗೆ ಬಾವಿಯ ಮೆಟ್ಟಿಲು ಇಳಿದ ಹಾಗೆ
ಕತ್ತಲಲ್ಲೂ ಕಾಲು ತಪ್ಪದೆ ಇಳಿದ ಮೈಲಾರಿ
ಹಾಲಪ್ಪನವರೆಗೆ, ನಮ್ಮಜ್ಜನವರೆಗೆ.
ತಪ್ಪಿದ್ದು ಮೊಬೈಲು:
ಕೆಂಚಪ್ಪನನ್ನು ಕೆಂಪು ಹಪ್ಪಳ ಎಂದು ಬರೆದಿತ್ತು.
ಏಳು ತಲೆಯ ಆಚೆಯ ಹಿರಿಯ
ಪರದೆ ಮೇಲೆ ಹಪ್ಪಳವಾಗಿ ಕೂತಿದ್ದ.

ನಕ್ಕು ಮುಗಿದ ಮೇಲೆ ಕೇಳಿದೆ,
ಹೆಂಗಸರು ಎಲ್ಲಿ ಹೋದರಪ್ಪಾ?
ಎಲೆಗೆ ಸುಣ್ಣ ಸವರುತ್ತ ಅಂದ:
ನಮ್ಮಪ್ಪ ನನಗೆ ಕಲಿಸಿದ್ದು ಇಷ್ಟೇ ತಾಯಿ.
ಹೆಣ್ಣಿನ ಹೆಸರು ಹೊಕ್ಕ ಮನೇಲಿ ಹೇಳ್ತಾರೆ ಅಂತಾರೆ ತವರಿನೋರು,
ತವರಲ್ಲಿ ಹೇಳ್ತಾರೆ ಅಂತಾರೆ ಹೊಕ್ಕ ಮನೆಯೋರು.
ಅವ್ವ ಎರಡು ಸೇರು ಮಂಡಕ್ಕಿ ಸುರಿದಳು ಅವನ ಜೋಳಿಗೆಗೆ.
ಉಳಿದದ್ದನ್ನು ನಾನು ಫೋನಿನಲ್ಲೇ ಕಳಿಸಿದೆ.

ಹದಡಿ ರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ ನನ್ನ ಕೆಲಸ.
ಆಷಾಢದಲ್ಲಿ ವಕೀಲರೊಬ್ಬರು ಹನ್ನೊಂದು ಪುಸ್ತಕ ತಂದರು,
ಯಾವತ್ತೋ ಬೀಗ ಬಿದ್ದ ಗಿರಣಿಯ ಹಾಜರಿ ಪುಸ್ತಕ.
ಪುಟಕ್ಕೆ ಒಂದೂವರೆ ರೂಪಾಯಿ, ಶುಕ್ರವಾರಕ್ಕೆ ಬೇಕು.
ತೆರೆದರೆ ಹೊಲಿಗೆಯ ಸಂದಿಯಲ್ಲಿ ಇನ್ನೂ ಹತ್ತಿಯ ಎಳೆ,
ಊದಿದರೆ ಹಾರಿ ನನ್ನ ರೆಪ್ಪೆಗೇ ಅಂಟುವುದು.
ಗಾಜಿನ ಕೆಳಗೆ ಬೆಳಕು ಹೋಗುತ್ತ ಬರುತ್ತ
ಆರುನೂರ ಮೂರನೇ ಪುಟದಲ್ಲಿ:

ದುರುಗವ್ವ, ಗಂಡ ಹಾಲಪ್ಪ, ಊರು ಮಾಯಕೊಂಡ.
ನೂಲು ಖಾತೆ. ರಾತ್ರಿ ಪಾಳಿ.
ಷರಾ: ನಿದ್ದೆ ತೂಗಿದ್ದಕ್ಕೆ ಎರಡಾಣೆ ದಂಡ.

ಮಾಯಕೊಂಡದಲ್ಲಿ ಹಾಲಪ್ಪಂದಿರು ಎಷ್ಟು ಜನವೋ.
ಮನೆಗೆ ಹೋಗಿ ಕೇಳಿದೆ. ಅವ್ವ ಮೊರ ಕೊಡವುತ್ತಿದ್ದಳು.
ಹೆಸರು ಗೊತ್ತಿಲ್ಲ, ಅಂದಳು,
ನಮ್ಮತ್ತೆ ಹೇಳೋಳು ಅವರತ್ತೆ ಬಗ್ಗೆ:
ಮಲಗಿದಾಗಲೂ ಎರಡು ಬೆರಳು ತಿರುಗುತ್ತಿದ್ದುವಂತೆ,
ಕಾಣದ ದಾರಕ್ಕೆ ಗಂಟು ಹಾಕುತ್ತ.

ಮರುದಿನ ಆ ಗುರುತನ್ನು ಪರದೆ ತುಂಬ ಹಿಗ್ಗಿಸಿದೆ.
ಉತ್ತ ಹೊಲದಂಥ ಸುತ್ತು ಸುತ್ತು ಗೆರೆ,
ನಡುವೆ ಅಡ್ಡಕ್ಕೆ ಒಂದು ಬಿಳಿ ದಾರಿ.
ಎಳೆ ಕೊಯ್ದ ಜಾಗ ಇರಬೇಕು, ಅಲ್ಲಿ ಮಸಿ ಹತ್ತಿಲ್ಲ.
ವಕೀಲರ ಗಿರಾಕಿಗಳು ಆಗಲೇ ಸಾಲು ನಿಂತಿದ್ದರು.

ಅವ್ವನ ಬೆರಳಿಗೆ ಗೆರೆಯೇ ಇಲ್ಲ.
ಇಪ್ಪತ್ತೆರಡು ವರ್ಷ ಭಟ್ಟಿಯ ಬಿಸಿ ಮರಳು ತಿಂದು ಬಿಟ್ಟಿದೆ.
ರೇಷನ್ ಅಂಗಡಿಯ ಯಂತ್ರ ಪ್ರತಿ ತಿಂಗಳು ಇವಳಲ್ಲ ಅನ್ನುತ್ತದೆ;
ಸೆರಗಿಗೆ ಒರೆಸಿ, ಎಂಜಲು ಹಚ್ಚಿ, ಹತ್ತೂ ಬೆರಳು ತೋರಿಸಿ
ಕೊನೆಗೆ ನಾನು ಹೋಗಿ ಅಕ್ಕಿ ತರುತ್ತೇನೆ.
ಶುಕ್ರವಾರ ಅಂಗಡಿ ಮುಚ್ಚುವ ಮುಂಚೆ
ಅವಳನ್ನು ಕರಕೊಂಡು ಬಂದು ಹೆಬ್ಬೆಟ್ಟನ್ನು ಗಾಜಿನ ಮೇಲಿಡಿಸಿದೆ.
ಸುಡುತ್ತದೇನೆ? ಅಂದಳು.
ಇಲ್ಲವ್ವ, ಬರೀ ಬೆಳಕು.
ಬಂದದ್ದು ನುಣ್ಣನೆ ಬೂದು ಮಚ್ಚೆ, ಕೆರೆಯ ಕಲ್ಲಿನ ಹಾಗೆ.
ದುರುಗವ್ವನ ಪಕ್ಕದಲ್ಲೇ ಅದನ್ನೂ ಉಳಿಸಿದೆ,
ಫೈಲಿಗೆ ಏನು ಹೆಸರಿಡಲಿ ತಿಳಿಯದೆ
ಆರುನೂರ ನಾಲ್ಕು ಅಂತ ಇಟ್ಟೆ.

ರಾತ್ರಿ ಮೈಲಾರಿಗೆ ದನಿ ಕಳಿಸಿದೆ:
ಹಾಲಪ್ಪನ ಹೆಂಡತಿ ದುರುಗವ್ವ, ಇರಬಹುದು.
ಸಣ್ಣ ಹಾಲಪ್ಪನ ಸೊಸೆ, ನಮ್ಮವ್ವ, ರತ್ನವ್ವ, ಇದು ಖಾತ್ರಿ.

ಮೂರು ದಿನ ಸುದ್ದಿಯಿಲ್ಲ.
ನಾಲ್ಕನೇ ದಿನ ಹೊಳಲ್ಕೆರೆ ಕಡೆಯ ಯಾವುದೋ ಹಟ್ಟಿಯಿಂದ,
ಹಿಂದೆ ನಾಯಿ ಬೊಗಳುತ್ತ, ಮೋಟರು ಓಡುತ್ತ,
ಅವನು ಪೂರಾ ವಂಶ ಮತ್ತೆ ಹೇಳಿ ಕಳಿಸಿದ್ದ.
ದೊಡ್ಡ ಕೆಂಚಪ್ಪನಿಂದ ಮೆಟ್ಟಿಲು ಮೆಟ್ಟಿಲು ಇಳಿದು
ಅದೇ ರಾಗ, ಅದೇ ಉಸಿರಲ್ಲಿ, ಒಂದಕ್ಷರ ಬಿಡದೆ:
ಹಾಲಪ್ಪನ ಮಡದಿ ದುರುಗವ್ವ ಇರಬಹುದು,
ಇರಬಹುದು ದುರುಗವ್ವನ ಮಗ...